ಅಪ್ರೆಂಟಿಸ್ ಸ್ಟೈಪೆಂಡಲ್ಲಿ ಸರ್ಕಾರದ 1500 ನಿಮ್ಮ ಅಕೌಂಟಿಗೆ ಬರ್ಬೇಕಂದ್ರೆ ಯಾವುದು ಮೊದಲು, ಯಾವುದು ಆಮೇಲೆ

"ಅಣ್ಣಾ, ಕಂಪನಿ ದುಡ್ಡು ಬಂದಿದೆ, ಸರ್ಕಾರದ್ದು ಬಂದಿಲ್ಲ." ನಾನು ಶಿವಮೊಗ್ಗದ ಮಾಚೇನಹಳ್ಳಿ ಕಡೆ ಒಂದು ಮಷಿನ್ ಶಾಪಲ್ಲಿ ಕೆಲಸ ಮಾಡ್ತೀನಿ, ನಾನೂ ಅಪ್ರೆಂಟಿಸ್ ಆಗೇ ಒಳಗೆ ಬಂದವ. ಪ್ರತಿ ತಿಂಗಳು ಹತ್ತನೇ ತಾರೀಕು ಕಳೀತಿದ್ದಂಗೆ ಟೀ ಟೈಮಲ್ಲಿ ಯಾರಾದ್ರೂ ಒಬ್ಬ ಹುಡುಗ ಮೊಬೈಲ್ ಹಿಡ್ಕೊಂಡು ಬಂದು ಇದೇ ಮಾತು ಹೇಳ್ತಾನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಬರೋ ಹುಡುಗ್ರು ಹುಡುಗೀರು, ರೂಮ್ ಬಾಡಿಗೆ ಬೇರೆ ಕಟ್ಬೇಕು, ಅವ್ರಿಗೆ 1500 ರೂಪಾಯಿ ಅಂದ್ರೆ ಒಂದು ತಿಂಗಳ ಊಟದ ಖರ್ಚಿನ ದೊಡ್ಡ ಭಾಗ. ಅದು ನಾಲ್ಕು ತಿಂಗಳು ಬರ್ಲಿಲ್ಲ ಅಂದ್ರೆ ಕೆಲವ್ರು ಬಿಟ್ಟೇ ಹೋಗ್ತಾರೆ, ನನಗೆ ಬೇಜಾರಾಗೋದು ಅಲ್ಲೇ.

ಅವ್ರ ಜೊತೆ ಕೂತು ಒಂದೊಂದೇ ನೋಡ್ದಾಗ ಗೊತ್ತಾಗಿದ್ದು, ಹೆಚ್ಚಿನವ್ರು ಕೆಲಸ ಎಲ್ಲಾ ಮಾಡಿರ್ತಾರೆ ಆದ್ರೆ ಹಿಂದುಮುಂದಾಗಿ ಮಾಡಿರ್ತಾರೆ. ಮೊದಲು ಕಾಂಟ್ರಾಕ್ಟ್, ಆಮೇಲೆ ಸರ್ಕಾರದ ಅಪ್ರೆಂಟಿಸ್ ಪೋರ್ಟಲಲ್ಲಿ ಹೆಸರು ತಿದ್ದೋದು, ಕೊನೆಗೆ ಬ್ಯಾಂಕ್. ಇದು ಪೂರ್ತಿ ಉಲ್ಟಾ. ಬ್ಯಾಂಕ್ ಮೊದಲು ಆಗ್ಬೇಕು. ಕೆಳಗೆ ಬರೆದಿರೋ ಹಂತಗಳನ್ನ ದಯವಿಟ್ಟು ಅದೇ ಕ್ರಮದಲ್ಲಿ ಮಾಡಿ, ಮಧ್ಯದಲ್ಲಿ ಒಂದು ಬಿಟ್ಟು ಮುಂದಿನದಕ್ಕೆ ಹಾರಬೇಡಿ.

## ಕೈಯಲ್ಲಿ ಇಟ್ಕೊಳ್ಬೇಕಾದ್ದು

ಆಧಾರ್ ಕಾರ್ಡ್, ಆಧಾರ್‌ಗೆ ಲಿಂಕ್ ಆಗಿರೋ ಸಿಮ್ ಇರೋ ಫೋನ್, ನಿಮಗೇ ಪಾಸ್‌ವರ್ಡ್ ಗೊತ್ತಿರೋ ಇಮೇಲ್ (ಸೈಬರ್ ಸೆಂಟರ್‌ನವ್ರು ಮಾಡ್ಕೊಟ್ಟಿದ್ದು ಅಲ್ಲ), ಬ್ಯಾಂಕ್ ಪಾಸ್‌ಬುಕ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಐಟಿಐ ಆಗಿದ್ರೆ ಅದರ ಸರ್ಟಿಫಿಕೇಟ್, ಒಂದು ಫೋಟೋ. ಇದರ ಜೊತೆ ಒಂದು ಸಣ್ಣ ನೋಟ್‌ಬುಕ್. ನೋಟ್‌ಬುಕ್ ಎಂತಕ್ಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗ್ತದೆ, ಈಗ್ಲೇ ತಗೊಂಡಿಡಿ.

## ಶುರು ಮಾಡೋಕೆ ಮುಂಚೆ ಲೆಕ್ಕ ಸರಿಯಾಗಿ ತಿಳ್ಕೊಳ್ಳಿ

ತುಂಬಾ ಜನ ತಪ್ಪು ತಿಳ್ಕೊಂಡಿರೋದು ಏನಂದ್ರೆ, ಕಂಪನಿ ಕೊಡೋ ಸ್ಟೈಪೆಂಡ್ ಬೇರೆ, ಅದರ ಮೇಲೆ ಸರ್ಕಾರ ಎಕ್ಸ್‌ಟ್ರಾ 1500 ಕೊಡ್ತದೆ ಅಂತ. ಹಂಗಲ್ಲ. ನ್ಯಾಪ್ಸ್ ಅಂತ ಕರೆಯೋ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ 25 ಪರ್ಸೆಂಟ್ ಸರ್ಕಾರ ಹಾಕ್ತದೆ, ಅದೂ ತಿಂಗಳಿಗೆ ಹೆಚ್ಚಂದ್ರೆ 1500 ರೂ. ಉಳಿದಿದ್ದು ಕಂಪನಿದು. ಎರಡೂ ಸೇರಿದ್ರೆ ನಿಮ್ಮ ಸ್ಟೈಪೆಂಡ್.

2019ರ ತಿದ್ದುಪಡಿ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಹೀಗಿದೆ: 5ರಿಂದ 9ನೇ ಕ್ಲಾಸ್ ಓದಿದವ್ರಿಗೆ 5000, ಎಸ್‌ಎಸ್‌ಎಲ್‌ಸಿ ಪಾಸಾದವ್ರಿಗೆ 6000, ಪಿಯುಸಿ ಅಥವಾ ಐಟಿಐ ಆದವ್ರಿಗೆ 7000, ಡಿಪ್ಲೊಮಾಗೆ 8000, ಡಿಗ್ರಿಗೆ 9000. ಎರಡನೇ ವರ್ಷಕ್ಕೆ 10 ಪರ್ಸೆಂಟ್ ಜಾಸ್ತಿ, ಮೂರನೇ ವರ್ಷಕ್ಕೆ ಮತ್ತೆ 15 ಪರ್ಸೆಂಟ್. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ಮೊತ್ತವನ್ನ 36 ಪರ್ಸೆಂಟ್ ಏರಿಸ್ಬೇಕು, ಅಂದ್ರೆ 6800ರಿಂದ 12300ರವರೆಗೆ ಮಾಡ್ಬೇಕು ಅಂತ ಶಿಫಾರಸು ಮಾಡಿದೆ, ಹಾಗಾಗಿ ನೀವು ಸೇರೋ ಹೊತ್ತಿಗೆ ಪೋರ್ಟಲಲ್ಲಿ ಕನಿಷ್ಠ ಎಷ್ಟು ತೋರಿಸ್ತಿದೆ ಅಂತ ನೋಡಿ, ವಾಟ್ಸಾಪಲ್ಲಿ ಬಂದ ಪಟ್ಟಿ ನಂಬಬೇಡಿ.

ಈಗ ಲೆಕ್ಕ ಹಾಕಿ. ಐಟಿಐ ಫಿಟ್ಟರ್ 7000ಕ್ಕೆ ಸೇರಿದ್ರೆ 25 ಪರ್ಸೆಂಟ್ ಅಂದ್ರೆ 1750 ಆಗ್ತದೆ, ಆದ್ರೆ ಮಿತಿ 1500, ಹಾಗಾಗಿ ಸರ್ಕಾರದ್ದು 1500, ಕಂಪನಿದು 5500. ಎಸ್‌ಎಸ್‌ಎಲ್‌ಸಿ ಹುಡುಗ 6000ಕ್ಕೆ ಸೇರಿದ್ರೆ ಸರ್ಕಾರದ್ದು ಸರಿಯಾಗಿ 1500, ಕಂಪನಿದು 4500. 9ನೇ ಕ್ಲಾಸಿಗೆ ಬಿಟ್ಟವ್ರಿಗೆ 5000ದಲ್ಲಿ ಸರ್ಕಾರದ್ದು 1250. ಕಂಪನಿ 12000 ಕೊಡ್ತೀನಿ ಅಂದ್ರೂ ಸರ್ಕಾರದ್ದು 1500ಕ್ಕೆ ನಿಲ್ತದೆ, 10500 ಕಂಪನಿ ಹಾಕ್ಬೇಕು.

ಹಿಂದೆ ಈ ಸರ್ಕಾರದ ಪಾಲು ಕಂಪನಿಗೆ ವಾಪಸ್ ಹೋಗ್ತಿತ್ತು, 2023ರ ಆಗಸ್ಟಿಂದ ಸೀದಾ ಅಪ್ರೆಂಟಿಸ್ ಬ್ಯಾಂಕ್ ಅಕೌಂಟಿಗೆ ಬರೋ ಹಂಗೆ ಮಾಡಿದ್ರು. ಒಳ್ಳೇದೇ ಆಯ್ತು, ಆದ್ರೆ ಆವತ್ತಿಂದ ಬ್ಯಾಂಕ್ ಸರಿ ಇಟ್ಕೊಳ್ಳೋ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಂತು.

## ಹಂತ 1: ನೀವು ಯಾವ ಸಾಲಲ್ಲಿ ನಿಲ್ಬೇಕು

ಐಟಿಐ ಆದವ್ರು, ಎಸ್‌ಎಸ್‌ಎಲ್‌ಸಿ ಪಿಯುಸಿ ಮುಗಿಸಿ ಸೀದಾ ಟ್ರೇಡ್ ಕಲಿಯೋಕೆ ಹೋಗೋರು, ನಿಮ್ಮದು ನ್ಯಾಪ್ಸ್. ಪೋರ್ಟಲ್ ಹೆಸರು ಅಪ್ರೆಂಟಿಸ್‌ಶಿಪ್ ಇಂಡಿಯಾ, ಕೊನೆಗೆ ಡಾಟ್ ಜಿಒವಿ ಡಾಟ್ ಇನ್ ಇರ್ಬೇಕು, ಬೇರೆ ಬಾಲ ಇದ್ರೆ ಮುಚ್ಚಿ ಹೊರಗೆ ಬನ್ನಿ.

ಡಿಪ್ಲೊಮಾ, ಇಂಜಿನಿಯರಿಂಗ್, ಡಿಗ್ರಿ ಆದವ್ರಿಗೆ ನ್ಯಾಟ್ಸ್ ಅಂತ ಬೇರೇನೇ ಇದೆ, ಶಿಕ್ಷಣ ಸಚಿವಾಲಯದ್ದು, ನಮ್ಮ ಕಡೆದು ಚೆನ್ನೈನಲ್ಲಿರೋ ದಕ್ಷಿಣ ವಲಯದ ಮಂಡಳಿ ನೋಡ್ಕೊಳ್ತದೆ. ಅಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು, ಅಂದ್ರೆ 8000ಕ್ಕೆ 4000, 9000ಕ್ಕೆ 4500. ಪೋರ್ಟಲ್ ಬೇರೆ, ನೋಂದಣಿ ಬೇರೆ. ಡಿಪ್ಲೊಮಾ ಹುಡುಗ್ರು ಐಟಿಐ ಫ್ರೆಂಡ್ ಮಾಡಿದ್ದನ್ನೇ ನೋಡಿ ನ್ಯಾಪ್ಸಲ್ಲಿ ಹೆಸರು ಕೊಟ್ಟು ಕಾಯ್ತಿರ್ತಾರೆ, ಕಂಪನಿ ನ್ಯಾಟ್ಸಲ್ಲಿ ತಗೊಳ್ತಿರ್ತದೆ. ಸೇರೋ ಕಂಪನಿ ಯಾವುದರಲ್ಲಿ ಕಾಂಟ್ರಾಕ್ಟ್ ಮಾಡ್ತದೆ ಅಂತ ಎಚ್‌ಆರ್ ಹತ್ರ ಒಂದೇ ಒಂದು ಪ್ರಶ್ನೆ ಕೇಳಿ, ಮುಗೀತು.

ಇನ್ನೊಂದು ಗುಂಪು ಇದೆ, ಅವ್ರ ಬಗ್ಗೆ ಯಾರೂ ಹೇಳಲ್ಲ. ಅಪ್ಪನ ಕುಲುಮೆಯಲ್ಲಿ ಕಬ್ಬಿಣದ ಕೆಲಸ ಕಲಿಯೋರು, ಸಾಗರ ಸೊರಬದ ಕಡೆ ಮರ ಕೆತ್ತೋ ಗುಡಿಗಾರರ ಮನೆ ಮಕ್ಕಳು, ಬಡಗಿ ಕೆಲಸ, ಗಾರೆ ಕೆಲಸ, ಟೈಲರಿಂಗ್. ಅಪ್ರೆಂಟಿಸ್ ಕಾಯ್ದೆ ಲೆಕ್ಕದಲ್ಲಿ ನೀವು ಅಪ್ರೆಂಟಿಸ್ ಅಲ್ಲ, ಯಾಕಂದ್ರೆ ಕಾಂಟ್ರಾಕ್ಟ್ ಇಲ್ಲ, ಹಾಗಾಗಿ ನ್ಯಾಪ್ಸ್ ಬಾಗಿಲು ತಟ್ಟಿ ಸಮಯ ಹಾಳು ಮಾಡ್ಕೋಬೇಡಿ. 18 ವರ್ಷ ಆಗಿ ಸ್ವಂತ ಕೆಲಸ ಮಾಡ್ತಿದ್ರೆ ಪಿಎಂ ವಿಶ್ವಕರ್ಮ ನೋಡಿ. ಅದು 18 ಕಸುಬುಗಳಿಗೆ ಇದೆ, ತರಬೇತಿ ದಿನಕ್ಕೆ 500 ರೂ. ಸ್ಟೈಪೆಂಡ್, ಟೂಲ್‌ಕಿಟ್‌ಗೆ 15000ದವರೆಗೆ ವೋಚರ್, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದ್ರೆ 2 ಲಕ್ಷ ಸಾಲ. ಮನೆಗೆ ಒಬ್ಬರಿಗೆ ಮಾತ್ರ, ಅದಕ್ಕೆ ಅಪ್ಪ ಹಾಕೋದಾ ಮಗ ಹಾಕೋದಾ ಅಂತ ಮನೇಲಿ ಕೂತು ಮಾತಾಡಿ ತೀರ್ಮಾನ ಮಾಡಿ. ಅರ್ಜಿ ಸಿಎಸ್‌ಸಿ ಸೆಂಟರಲ್ಲಿ.

## ಹಂತ 2: ಹೆಸರು, ಹುಟ್ಟಿದ ತಾರೀಕು, ಮೊಬೈಲ್

ಆಧಾರ್, ಎಸ್‌ಎಸ್‌ಎಲ್‌ಸಿ ಕಾರ್ಡ್, ಪಾಸ್‌ಬುಕ್ ಮೂರನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಡಿ. ಅಕ್ಷರ ಅಕ್ಷರ ಓದಿ. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್, ಹಿಂದೆ ಇನಿಷಿಯಲ್, ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಕೊನೆಯ ಎ ಅಕ್ಷರ ಇಲ್ಲದೆ ಮಂಜುನಾಥ್, ಇದು ಮನೆಮನೆಯಲ್ಲೂ ಇರೋ ಕತೆ. ಕಣ್ಣಿಗೆ ಸಣ್ಣದು, ಆದ್ರೆ ಪೋರ್ಟಲಲ್ಲಿ ಆಧಾರ್ ಹೆಸರಿಗೂ ಬ್ಯಾಂಕ್ ಹೆಸರಿಗೂ ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ನಿಂತು ಬಿಡ್ತದೆ.

ಯಾವುದನ್ನ ತಿದ್ಬೇಕು ಅಂದ್ರೆ, ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇರೋ ಹಾಗೆ ಆಧಾರ್ ತಿದ್ಸಿ, ಆಮೇಲೆ ಆಧಾರ್ ತಗೊಂಡು ಹೋಗಿ ಬ್ಯಾಂಕಲ್ಲಿ ತಿದ್ಸಿ. ಉಲ್ಟಾ ಮಾಡಿದ್ರೆ ಎರಡು ಸಲ ಓಡಾಟ. ಆಧಾರ್ ತಿದ್ದುಪಡಿ ಅಪ್‌ಡೇಟ್ ಆಗಿದೆ ಅಂತ ಗೊತ್ತಾಗೋವರೆಗೂ ಪೋರ್ಟಲಿಗೆ ಹೋಗ್ಬೇಡಿ.

ಮೊಬೈಲ್ ನಂಬರ್ ಬಗ್ಗೆ ಒಂದು ಮಾತು. ಸಣ್ಣೋರಿದ್ದಾಗ ಅಪ್ಪನ ನಂಬರೋ ಮಾವನ ನಂಬರೋ ಆಧಾರ್‌ಗೆ ಕೊಟ್ಟಿರ್ತಾರೆ, ಆ ಸಿಮ್ ಈಗ ಇರಲ್ಲ. ಇನ್ನು ಸಿಮ್ ಇದ್ರೂ ಆಗುಂಬೆ, ನಗರ, ಕಾರ್ಗಲ್ ಕಡೆ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ರೂ ಹೋಗ್ತದೆ. ಹೊಸನಗರದ ಕಡೆಯ ಒಬ್ಬ ಹುಡುಗ ಆಧಾರ್ ನಂಬರ್ ಮನೇಲಿದ್ದ ಅಮ್ಮನ ಫೋನಿಗೆ ಲಿಂಕ್ ಮಾಡಿಟ್ಟು ಇಲ್ಲಿ ಶಿವಮೊಗ್ಗದಲ್ಲಿ ಕೂತು ಓಟಿಪಿ ಕೇಳ್ತಿದ್ದ. ಅಮ್ಮ ತೋಟ ದಾಟಿ ದಿಬ್ಬ ಹತ್ತಿ ಫೋನ್ ಎತ್ತಿ ಹಿಡೀಬೇಕು, ಅಷ್ಟೊತ್ತಿಗೆ ಓಟಿಪಿ ಟೈಮ್ ಮುಗಿದಿರ್ತದೆ. ಮೂರು ದಿನ ಆ ಅಮ್ಮ ದಿಬ್ಬ ಹತ್ತಿದ್ರು. ಪಾಪ, ಅವ್ರ ಧ್ವನಿ ಇನ್ನೂ ನೆನಪಿದೆ, "ಈಗ ಬಂತು ನೋಡು ಮಗಾ, ನಾಲ್ಕು ಎಂಟು..." ಅಂತ ಓದೋದ್ರೊಳಗೆ ಕಾಲ್ ಕಟ್. ದಯವಿಟ್ಟು ನಿಮ್ಮ ಜೇಬಲ್ಲಿರೋ ನಂಬರ್ ಆಧಾರ್‌ಗೆ ಹಾಕ್ಸಿ, ಪೋಸ್ಟ್ ಆಫೀಸಿನ ಆಧಾರ್ ಕೌಂಟರಲ್ಲಿ ಆಗ್ತದೆ, ಬೆರಳಚ್ಚು ಕೊಡ್ಬೇಕು ಅಷ್ಟೇ. ಆಧಾರ್ ವಿಷಯದಲ್ಲಿ ಡೌಟ್ ಇದ್ರೆ 1947ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು.

## ಹಂತ 3: ಬ್ಯಾಂಕ್ ಸೀಡಿಂಗ್, ಜಾಸ್ತಿ ಜನ ಬೀಳೋದು ಇಲ್ಲೇ

ಬ್ಯಾಂಕಲ್ಲಿ "ಆಧಾರ್ ಲಿಂಕ್ ಆಗಿದೆಯಾ ಸರ್" ಅಂತ ಕೇಳಿದ್ರೆ "ಆಗಿದೆ" ಅಂತಾರೆ. ಅವ್ರು ಸುಳ್ಳು ಹೇಳಿರಲ್ಲ. ಆದ್ರೆ ಲಿಂಕ್ ಬೇರೆ, ಸೀಡಿಂಗ್ ಬೇರೆ ಮಾರಾಯ್ರೆ. ಲಿಂಕ್ ಅಂದ್ರೆ ಆ ಬ್ಯಾಂಕಿನ ಕಂಪ್ಯೂಟರಲ್ಲಿ ನಿಮ್ಮ ಆಧಾರ್ ನಂಬರ್ ಇದೆ ಅಂತ, ಕೆವೈಸಿಗೆ ಸಾಕು. ಸೀಡಿಂಗ್ ಅಂದ್ರೆ ಎನ್‌ಪಿಸಿಐ ಅನ್ನೋ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರಿಗೆ ಆ ಬ್ಯಾಂಕಿನ ಹೆಸರು ಬರೆದಿರ್ಬೇಕು. ಸರ್ಕಾರ ಆಧಾರ್ ನಂಬರಿಗೆ ದುಡ್ಡು ಕಳಿಸ್ದಾಗ ಆ ಪಟ್ಟಿ ನೋಡಿ ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ಗೊತ್ತಾಗ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಯಾವುದನ್ನ ಸೀಡ್ ಮಾಡಿದ್ರೋ ಅದು.

ನಮ್ಮನೇಲೇ ಆಗಿದ್ದು ಹೇಳ್ತೀನಿ. ನನ್ನ ತಮ್ಮ ಅಪ್ರೆಂಟಿಸ್ ಸೇರಿದ್ದ, ಐದು ತಿಂಗಳು ಸರ್ಕಾರದ್ದು ಒಂದು ರೂಪಾಯಿ ಬರ್ಲಿಲ್ಲ. ಕಂಪನಿಯವ್ರು ನಮ್ಮ ಕಡೆಯಿಂದ ಎಲ್ಲಾ ಹಾಕಿದೀವಿ ಅಂತಾರೆ, ಬ್ಯಾಂಕಿನವ್ರು ಲಿಂಕ್ ಆಗಿದೆ ಅಂತಾರೆ. ನಾನು ಎರಡು ಸಲ ರಜ ಹಾಕಿ ಬ್ಯಾಂಕಿಗೆ ಹೋದೆ. ಕೊನೆಗೆ ಮೈ ಆಧಾರ್ ವೆಬ್‌ಸೈಟಲ್ಲಿ ನೋಡಿದ್ರೆ ಅಲ್ಲಿ ನಾವು ಕೇಳೇ ಇರದ ಒಂದು ಪೇಮೆಂಟ್ಸ್ ಬ್ಯಾಂಕ್ ಹೆಸರು. ಯೋಚನೆ ಮಾಡಿದಾಗ ನೆನಪಾಯ್ತು, ಹಿಂದಿನ ವರ್ಷ ಸಂತೆ ದಿನ ಹೊಸ ಸಿಮ್ ತಗೊಳ್ಳೋವಾಗ ಅಂಗಡಿಯವ ಎರಡು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದ, ಮೊದಲನೇದು ಸರಿ ಬರ್ಲಿಲ್ಲ ಅಂತ. ಎರಡನೇ ಹೆಬ್ಬೆಟ್ಟಿಗೆ ಅಕೌಂಟ್ ಓಪನ್ ಆಗಿತ್ತು. ಐದು ತಿಂಗಳ 7500 ರೂಪಾಯಿ ಅಲ್ಲೇ ತಣ್ಣಗೆ ಕೂತಿತ್ತು. ದುಡ್ಡು ಸಿಕ್ತು, ಆದ್ರೆ ಅಷ್ಟರಲ್ಲಿ ತಮ್ಮ ರೂಮ್ ಬಾಡಿಗೆಗೆ ಸಾಲ ಮಾಡ್ಕೊಂಡಿದ್ದ.

ಅದಕ್ಕೆ ಈಗ್ಲೇ, ಇದನ್ನ ಓದ್ತಾ ಇರೋವಾಗ್ಲೇ ಮಾಡಿ:

1. ಮೈ ಆಧಾರ್ ವೆಬ್‌ಸೈಟಿಗೆ ಹೋಗಿ ಆಧಾರ್ ನಂಬರ್ ಮತ್ತು ಓಟಿಪಿ ಹಾಕಿ ಲಾಗಿನ್ ಆಗಿ.
2. ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಬಟನ್ ಇದೆ, ಒತ್ತಿ.
3. ಬ್ಯಾಂಕ್ ಹೆಸರು, ಆಕ್ಟಿವ್ ಇದೆಯಾ ಇಲ್ವಾ, ಕೊನೇ ಸಲ ಯಾವಾಗ ಅಪ್‌ಡೇಟ್ ಆಯ್ತು, ಮೂರೂ ಕಾಣ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ.

ನಿಮಗೆ ಬೇಕಾದ ಬ್ಯಾಂಕ್ ಬಂದು ಆಕ್ಟಿವ್ ಅಂತ ಇದ್ರೆ ನಾಲ್ಕನೇ ಹಂತಕ್ಕೆ ಹೋಗಿ. ಬೇರೆ ಬ್ಯಾಂಕ್ ಇದ್ರೆ, ಬೇಕಾದ ಬ್ಯಾಂಕಿನ ಬ್ರಾಂಚಿಗೆ ಪಾಸ್‌ಬುಕ್ ಆಧಾರ್ ತಗೊಂಡು ಹೋಗಿ, "ಲಿಂಕ್ ಮಾಡಿ" ಅನ್ಬೇಡಿ, "ಡಿಬಿಟಿಗೆ ಆಧಾರ್ ಸೀಡಿಂಗ್ ಫಾರಂ ಕೊಡಿ" ಅನ್ನಿ. ಡಿಬಿಟಿ ಅಂದ್ರೆ ಸರ್ಕಾರದ ದುಡ್ಡು ಸೀದಾ ನಿಮ್ಮ ಅಕೌಂಟಿಗೆ ಬರೋದು. ಆ ಫಾರಮಲ್ಲಿ ಹೊಸದಾಗಿ ಸೀಡಿಂಗ್ ಅಂತ ಒಂದು, ಬೇರೆ ಬ್ಯಾಂಕಿಂದ ಇಲ್ಲಿಗೆ ಬದಲಾವಣೆ ಅಂತ ಒಂದು ಇರ್ತದೆ. ಹಳೇ ಬ್ಯಾಂಕ್ ಇರೋರು ಎರಡನೇದಕ್ಕೆ ಟಿಕ್ ಹಾಕಿ ಹಳೇ ಬ್ಯಾಂಕಿನ ಹೆಸರು ಬರೀಬೇಕು, ಗೊತ್ತಿಲ್ಲದೆ ಹೊಸದು ಅಂತ ಟಿಕ್ ಮಾಡಿ ಬಂದ್ರೆ ಏನೂ ಬದಲಾಗಲ್ಲ, ನೀವು ಆಯ್ತು ಅಂತ ಕಾಯ್ತಿರ್ತೀರಿ. ಸೀಲ್ ಹಾಕಿದ ಸ್ವೀಕೃತಿ ಕೇಳಿ ಇಸ್ಕೊಳ್ಳಿ. ವಾರ ಬಿಟ್ಟು ಮತ್ತೆ ಅದೇ ವೆಬ್‌ಸೈಟಲ್ಲಿ ನೋಡಿ, ಬ್ರಾಂಚಲ್ಲಿ ಬಾಯಲ್ಲಿ ಹೇಳಿದ್ದು ಸಾಕಾಗಲ್ಲ.

ಸ್ಕೂಲಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ಅಮ್ಮನ ಜೊತೆ ಮಾಡಿಸಿದ ಅಕೌಂಟ್ ಬಳಸ್ತಿದ್ರೆ ಇನ್ನೊಂದು ಎಚ್ಚರ. 18 ಆದ್ಮೇಲೆ ಅದನ್ನ ಮೇಜರ್ ಅಕೌಂಟ್ ಮಾಡಿಸ್ಬೇಕು, ಹೊಸ ಸಹಿ ಹೊಸ ಕೆವೈಸಿ. ಎರಡು ವರ್ಷ ಯಾವ ವ್ಯವಹಾರನೂ ಮಾಡದ ಅಕೌಂಟ್ ನಿಷ್ಕ್ರಿಯ ಆಗಿರ್ತದೆ. ಒಂದು ನೂರು ರೂಪಾಯಿ ಹಾಕಿ ತೆಗೆದು ನೋಡಿದ್ರೆ ಜೀವ ಇದೆಯಾ ಇಲ್ವಾ ಗೊತ್ತಾಗಿಬಿಡ್ತದೆ.

## ಹಂತ 4: ಪೋರ್ಟಲಲ್ಲಿ ನೋಂದಣಿ

ಇದು ಸುಲಭ, ಹಿಂದಿನ ಮೂರು ಸರಿ ಇದ್ರೆ ಅರ್ಧ ಗಂಟೆ ಕೆಲಸ. ಕ್ಯಾಂಡಿಡೇಟ್ ಅಂತ ರಿಜಿಸ್ಟರ್ ಆಗಿ, ಆಧಾರ್ ಕೆವೈಸಿ ಮಾಡಿ, ಓದು, ಟ್ರೇಡ್, ಬ್ಯಾಂಕ್ ವಿವರ ಹಾಕಿ. ಎ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರ್ ಬರ್ತದೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಎಲ್ಲಿಗೆ ಫೋನ್ ಮಾಡಿದ್ರೂ ಮೊದಲು ಕೇಳೋದು ಅದನ್ನೇ.

ಸೈಬರ್ ಸೆಂಟರಲ್ಲಿ ಮಾಡ್ಸಿದ್ರೆ ಪರವಾಗಿಲ್ಲ, ಆದ್ರೆ ಇಮೇಲ್ ಮೊಬೈಲ್ ಎರಡೂ ನಿಮ್ಮದೇ ಇರ್ಲಿ. ನೋಂದಣಿಗೆ ಸರ್ಕಾರದ ಫೀಸ್ ಒಂದು ರೂಪಾಯಿನೂ ಇಲ್ಲ. ಟೈಪಿಂಗ್ ಪ್ರಿಂಟ್ ಅಂತ ಅಂಗಡಿಯವ್ರು ಸ್ವಲ್ಪ ತಗೊಳ್ಳೋದು ಬೇರೆ ವಿಷಯ, ಆದ್ರೆ "ರಿಜಿಸ್ಟ್ರೇಷನ್ ಫೀಸ್ 2000, ಕಂಪನಿ ಕೊಡಿಸ್ತೀವಿ" ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ.

ಐಎಫ್‌ಎಸ್‌ಸಿ ಕೋಡನ್ನ ಹಳೇ ಪಾಸ್‌ಬುಕ್ ನೋಡಿ ಹಾಕಬೇಡಿ. ಬ್ಯಾಂಕ್‌ಗಳು ವಿಲೀನ ಆದ್ಮೇಲೆ ನಮ್ಮ ಕಡೆಯ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್ ಬ್ರಾಂಚ್‌ಗಳ ಕೋಡ್ ಎಲ್ಲಾ ಬದಲಾಗಿದೆ, ಹಳೇದು ಕೆಲಸ ಮಾಡಲ್ಲ.

## ಹಂತ 5: ಕಂಪನಿ ಹುಡುಕೋದು

30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಾನೂನಿನ ಪ್ರಕಾರ ಕಡ್ಡಾಯ, ಒಟ್ಟು ಜನರ 2.5ರಿಂದ 15 ಪರ್ಸೆಂಟ್ ವರೆಗೆ. 4ರಿಂದ 29 ಜನ ಇರೋ ಕಡೆ ಅವರ ಇಷ್ಟ. 4ಕ್ಕಿಂತ ಕಡಿಮೆ ಇದ್ರೆ ತಗೊಳ್ಳೋ ಹಾಗಿಲ್ಲ. ಅದಕ್ಕೇ ಇಬ್ಬರು ಕೆಲಸ ಮಾಡೋ ಬೈಕ್ ಗ್ಯಾರೇಜಲ್ಲಿ ಕಲಿಯೋ ಹುಡುಗ್ರಿಗೆ ಈ ದುಡ್ಡು ಬರಲ್ಲ, ಓನರ್ ಎಷ್ಟೇ ಒಳ್ಳೆಯವನಾದ್ರೂ.

ಮಾಚೇನಹಳ್ಳಿ ಮತ್ತು ಸಾಗರ ರಸ್ತೆ ಇಂಡಸ್ಟ್ರಿಯಲ್ ಏರಿಯಾ, ಭದ್ರಾವತಿ ಕಡೆ, ಆಟೋ ಶೋರೂಮ್‌ಗಳ ಸರ್ವಿಸ್ ಸೆಂಟರ್, ಇವು ನಮ್ಮ ಕಡೆ ಹುಡುಕೋ ಜಾಗ. ಐಟಿಐಗಳಲ್ಲಿ ಅಪ್ರೆಂಟಿಸ್‌ಶಿಪ್ ಮೇಳ ಆಗ್ತದೆ, ಸಾಮಾನ್ಯವಾಗಿ ತಿಂಗಳ ಎರಡನೇ ಸೋಮವಾರ, ನೀವು ಓದಿದ ಐಟಿಐ ಸರ್‌ಗೆ ಫೋನ್ ಮಾಡಿದ್ರೆ ಹೇಳ್ತಾರೆ. ಅವ್ರ ಜೊತೆ ಸಂಪರ್ಕ ಬಿಡಬೇಡಿ, ಯಾವ ಕಂಪನಿ ಸ್ಟೈಪೆಂಡ್ ಸರಿಯಾಗಿ ಕೊಡ್ತದೆ ಅನ್ನೋದು ಅವ್ರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿರಲ್ಲ.

ವಯಸ್ಸು 14 ಆಗಿರ್ಬೇಕು, ಅಪಾಯಕಾರಿ ಕೆಲಸಕ್ಕೆ 18. ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಹತ್ರ 16ರ ಹುಡುಗನ್ನ ನಿಲ್ಸೋ ಕಡೆ ಸೇರ್ಬೇಡಿ, ಎಷ್ಟು ಕೊಟ್ರೂ ಬೇಡ.

## ಹಂತ 6: ಕಾಂಟ್ರಾಕ್ಟ್ ಓದದೆ ಒಪ್ಪಬೇಡಿ

ಕಂಪನಿ ಪೋರ್ಟಲಲ್ಲಿ ಕಾಂಟ್ರಾಕ್ಟ್ ತಯಾರು ಮಾಡ್ತದೆ, ನಿಮ್ಮ ಲಾಗಿನ್‌ಗೆ ಬರ್ತದೆ, ನೀವು ಒಪ್ಪಬೇಕು. 18 ಆಗಿಲ್ಲ ಅಂದ್ರೆ ಪೋಷಕರು ಒಪ್ಪಬೇಕು. ಇಲ್ಲಿ ಅವಸರ ಮಾಡ್ಬೇಡಿ, ಎಚ್‌ಆರ್ ಎದುರಿಗೆ ಕೂತು "ಓಟಿಪಿ ಹೇಳಪ್ಪ ಬೇಗ" ಅಂದ್ರೂ "ಸರ್, ಒಂದ್ಸಲ ಓದ್ತೀನಿ" ಅನ್ನಿ, ತಪ್ಪೇನಿಲ್ಲ.

ಓದ್ಬೇಕಾದ್ದು ಏನಂದ್ರೆ, ಮೊದಲು ಶುರುವಾಗೋ ತಾರೀಕು. ಜೂನಲ್ಲಿ ಸೇರ್ಕೊಂಡು ಕಾಂಟ್ರಾಕ್ಟ್ ಆಗಸ್ಟಲ್ಲಿ ಆದ್ರೆ ಜೂನ್ ಜುಲೈಗೆ ಸರ್ಕಾರದ ಪಾಲು ಇಲ್ಲ. "ಮೊದಲು ಎರಡು ತಿಂಗಳು ಟ್ರೈನಿ, ಆಮೇಲೆ ಕಾಂಟ್ರಾಕ್ಟ್" ಅಂತ ಹೇಳೋದನ್ನ ನಾನು ತುಂಬಾ ಕಡೆ ಕೇಳಿದೀನಿ. ಆ ಎರಡು ತಿಂಗಳಿಗೆ ಸರ್ಟಿಫಿಕೇಟ್ ಲೆಕ್ಕನೂ ಇಲ್ಲ, ದುಡ್ಡಿನ ಲೆಕ್ಕನೂ ಇಲ್ಲ. ಎರಡನೇದು ಸ್ಟೈಪೆಂಡ್ ಮೊತ್ತ, ನಿಮ್ಮ ಓದಿಗೆ ಕನಿಷ್ಠ ಎಷ್ಟೋ ಅದಕ್ಕಿಂತ ಕಡಿಮೆ ಇರಬಾರದು. ಐಟಿಐ ಆದವ್ರನ್ನ ಎಸ್‌ಎಸ್‌ಎಲ್‌ಸಿ ಅಂತ ತೋರಿಸಿ 6000 ಹಾಕಿರೋದು ನೋಡಿದೀನಿ. ಮೂರನೇದು ಟ್ರೇಡ್ ಹೆಸರು. ನಾಲ್ಕನೇದು ಅವಧಿ, 6 ತಿಂಗಳಿಂದ 36 ತಿಂಗಳೊಳಗೆ ಇರ್ತದೆ. ಐದನೇದು ಈ ಕಾಂಟ್ರಾಕ್ಟಿಗೆ ನ್ಯಾಪ್ಸ್ ಲಾಭ ಇದೆಯಾ ಇಲ್ವಾ. ಅಪ್ರೆಂಟಿಸ್ ಅಂದ ಮಾತ್ರಕ್ಕೆ ಎಲ್ಲರಿಗೂ ಸರ್ಕಾರದ ಪಾಲು ಬೇರೆ ಬರ್ತದೆ ಅಂತಿಲ್ಲ, ಇದನ್ನ ಬಾಯಿಬಿಟ್ಟು ಕೇಳಿ. ಇಲ್ಲ ಅಂದ್ರೆ ಪೂರ್ತಿ ಸ್ಟೈಪೆಂಡ್ ಕಂಪನಿನೇ ಕೊಡ್ಬೇಕು, 5500 ಕೊಟ್ಟು ಉಳಿದಿದ್ದು ಸರ್ಕಾರದಿಂದ ಬರ್ತದೆ ಅನ್ನೋ ಹಾಗಿಲ್ಲ.

ಕಾಂಟ್ರಾಕ್ಟ್ ನೋಂದಣಿ ಆದ್ಮೇಲೆ ನಂಬರ್ ಸಮೇತ ಪಿಡಿಎಫ್ ಇಳಿಸ್ಕೊಂಡು ನಿಮ್ಮ ಇಮೇಲಿಗೆ ನೀವೇ ಕಳಿಸ್ಕೊಳ್ಳಿ.

ಈ ಹಂತದಲ್ಲಿ ಎಚ್ಚರದ ಗಂಟೆ ಹೊಡೀಬೇಕಾದ ಮಾತುಗಳು ಕೆಲವು ಇವೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ರ ಇಟ್ಟಿರಿ ಅನ್ನೋದು. ಸರ್ಕಾರದ 1500 ನಿಮ್ಮ ಅಕೌಂಟಿಗೆ ಬಂದಮೇಲೆ ತೆಗೆದು ಕ್ಯಾಶ್ ತಂದ್ಕೊಡಿ ಅನ್ನೋದು. ಎಟಿಎಂ ಕಾರ್ಡ್ ಪಿನ್ ಸಮೇತ ಸೂಪರ್‌ವೈಸರ್ ಹತ್ರ ಇರ್ಲಿ ಅನ್ನೋದು. ಯಾವುದು ಕೇಳಿದ್ರೂ ಅಲ್ಲಿ ಸೇರ್ಬೇಡಿ.

ಇನ್ನೊಂದು ಗೊತ್ತಿರಲಿ, ಕಾಯ್ದೆ ಪ್ರಕಾರ ನೀವು ಕಲಿಯೋರು, ಕಾರ್ಮಿಕರಲ್ಲ, ಹಾಗಾಗಿ ಪಿಎಫ್ ಇಎಸ್‌ಐ ಕಟ್ ಆಗಲ್ಲ. ಆದ್ರೆ ಕೆಲಸದಲ್ಲಿ ಗಾಯ ಆದ್ರೆ ಪರಿಹಾರ ಕೊಡೋ ಹೊಣೆ ಕಂಪನಿದೇ. ಓವರ್‌ಟೈಮ್ ಕೂಡ ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಕಾಯ್ದೆ ಪ್ರಕಾರ ಇದನ್ನ ನೋಡ್ಕೊಳ್ಳೋ ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ದೆ ಮಾಡಿಸೋ ಹಾಗಿಲ್ಲ. ಬೆರಳು ಮಷಿನ್‌ಗೆ ಸಿಕ್ಕ ದಿನ ನೋಂದಣಿ ಆದ ಕಾಂಟ್ರಾಕ್ಟ್ ಕೈಯಲ್ಲಿದ್ರೆ ನಿಮ್ಮ ಮಾತಿಗೆ ಬಲ ಇರ್ತದೆ, 1500ಕ್ಕಿಂತ ದೊಡ್ಡ ವಿಷಯ ಇದು.

## ಹಂತ 7: ತಿಂಗಳು ತಿಂಗಳು ಮಾಡೋದು

ಸರ್ಕಾರದ ಪಾಲು ತಾನಾಗೇ ಬರಲ್ಲ. ಕಂಪನಿ ಪ್ರತಿ ತಿಂಗಳು ಪೋರ್ಟಲಲ್ಲಿ ನಿಮ್ಮ ಹಾಜರಿ ಮತ್ತು ಅವ್ರು ಕೊಟ್ಟ ಸ್ಟೈಪೆಂಡ್ ವಿವರ ಹಾಕ್ಬೇಕು, ಆಮೇಲೆ ಸರ್ಕಾರದ ಪಾಲು ಲೆಕ್ಕ ಆಗಿ ಬರ್ತದೆ. ಅದಕ್ಕೇ ಎರಡೂ ಒಂದೇ ದಿನ ಬರಲ್ಲ, ಕಂಪನಿದು ಮೊದಲು, ಸರ್ಕಾರದ್ದು ಆಮೇಲೆ. ನಿಯಮದ ಪ್ರಕಾರ ಒಂದು ತಿಂಗಳ ಸ್ಟೈಪೆಂಡನ್ನ ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಕಂಪನಿ ಕೊಡ್ಬೇಕು.

ನೋಟ್‌ಬುಕ್ ಬೇಕಾಗೋದು ಇಲ್ಲಿ. ಪ್ರತಿದಿನ ತಾರೀಕು, ಹೋದ ಹೊತ್ತು, ಬಂದ ಹೊತ್ತು, ಏನು ಕೆಲಸ ಮಾಡಿದ್ರಿ ಒಂದು ಸಾಲು. ತಿಂಗಳ ಕೊನೆಗೆ ಎಷ್ಟು ದಿನ ಅಂತ ಕೂಡಿಸಿ. ಕೆಳಗೆ ಎರಡು ಸಾಲು, ಕಂಪನಿದು ಎಷ್ಟು ಯಾವತ್ತು ಬಂತು, ಸರ್ಕಾರದ್ದು ಎಷ್ಟು ಯಾವತ್ತು ಬಂತು. ಹೇಳದೆ ಕೇಳದೆ ರಜ ಹಾಕಿದ್ರೆ ಸ್ಟೈಪೆಂಡ್ ಕಡಿಮೆ ಆಗ್ತದೆ, ಸರ್ಕಾರದ ಪಾಲೂ ಅದರ ಜೊತೆ ಇಳೀತದೆ. ಅಡಿಕೆ ಕೊಯ್ಲಿಗೆ, ಗದ್ದೆ ನಟ್ಟಿಗೆ ಅಂತ ವಾರಗಟ್ಟಲೆ ಊರಿಗೆ ಹೋಗೋರು ನಮ್ಮಲ್ಲಿ ಜಾಸ್ತಿ, ಹೋಗ್ಲೇಬೇಕು ಅಂದ್ರೆ ಬರೆದು ಕೊಟ್ಟು ರಜ ಮಂಜೂರು ಮಾಡಿಸ್ಕೊಂಡು ಹೋಗಿ.

ಬ್ಯಾಂಕಿನ ಮೆಸೇಜ್ ಮಾತ್ರ ನಂಬಬೇಡಿ, ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ.

## ಹಂತ 8: ಬರ್ಲಿಲ್ಲ ಅಂದ್ರೆ ಯಾವುದನ್ನ ಮೊದಲು ನೋಡ್ಬೇಕು

ಮೊದಲೇ ಎಚ್‌ಆರ್ ಹತ್ರ ಜಗಳಕ್ಕೆ ಹೋಗ್ಬೇಡಿ, ಮೊದಲೇ ದೂರು ಕೂಡ ಬೇಡ. ಹೀಗೆ ನೋಡ್ತಾ ಬನ್ನಿ.

1. ನಿಮ್ಮ ಹೆಸರಲ್ಲಿರೋ ಎಲ್ಲಾ ಅಕೌಂಟ್ ನೋಡಿ, ಮರೆತು ಹೋದವೂ ಸೇರಿ. ಮೈ ಆಧಾರ್‌ನಲ್ಲಿ ಸೀಡಿಂಗ್ ಮತ್ತೆ ನೋಡಿ, ಮಧ್ಯದಲ್ಲಿ ಹೊಸ ಅಕೌಂಟ್ ಮಾಡಿಸಿದ್ರೆ ಅದು ಬದಲಾಗಿರ್ತದೆ.
2. ಸೀಡಿಂಗ್ ಸರಿ ಇದ್ರೆ ಪೋರ್ಟಲ್ ಲಾಗಿನ್ ಆಗಿ ಕಾಂಟ್ರಾಕ್ಟ್ ಚಾಲ್ತಿಯಲ್ಲಿದೆಯಾ, ಬ್ಯಾಂಕ್ ಮತ್ತು ಆಧಾರ್ ವಿವರ ಸರಿ ಇದೆಯಾ ನೋಡಿ.
3. ಅದೂ ಸರಿ ಇದ್ರೆ ಎಚ್‌ಆರ್ ಹತ್ರ ಹೋಗಿ. "ದುಡ್ಡು ಬಂದಿಲ್ಲ" ಅನ್ಬೇಡಿ, "ಸರ್, ಜುಲೈ ತಿಂಗಳ ಹಾಜರಿ ಪೋರ್ಟಲಲ್ಲಿ ಹಾಕಿದೀರಾ, ಎಷ್ಟು ದಿನ ಹಾಕಿದೀರಾ" ಅಂತ ಕೇಳಿ. ಪ್ರಶ್ನೆ ನೇರ ಇದ್ರೆ ಉತ್ತರಾನೂ ನೇರ ಬರ್ತದೆ, ಎಷ್ಟೋ ಸಲ ಅವ್ರು ಕಂಪ್ಯೂಟರ್ ತೆಗೆದು ನೋಡಿ "ಓ ಇದೊಂದು ಬಿಟ್ಟುಹೋಗಿದೆ" ಅಂತ ಅಲ್ಲೇ ಸರಿ ಮಾಡ್ತಾರೆ.
4. ಎರಡು ಸಲ ಕೇಳಿದ್ರೂ ಆಗ್ಲಿಲ್ಲ ಅಂದ್ರೆ ಬರವಣಿಗೆಯಲ್ಲಿ ಕೊಡಿ, ಇಮೇಲ್ ಆದ್ರೂ ಸಾಕು. ಕಾಂಟ್ರಾಕ್ಟ್ ನಂಬರ್, ಯಾವ ತಿಂಗಳು, ಎಷ್ಟು ದಿನ ಹಾಜರಿ, ಮೂರೇ ಸಾಲು.
5. ಆಮೇಲೆ ಪೋರ್ಟಲಲ್ಲಿ ದೂರು, ಜೊತೆಗೆ ಸರ್ಕಾರಿ ಐಟಿಐನಲ್ಲಿ ಅಪ್ರೆಂಟಿಸ್ ವಿಭಾಗ ನೋಡ್ಕೊಳ್ಳೋರು ಅಥವಾ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿ. ಕಾಂಟ್ರಾಕ್ಟ್ ವಿಷಯದ ತಕರಾರು ಅಪ್ರೆಂಟಿಸ್‌ಶಿಪ್ ಸಲಹೆಗಾರರು ತೀರ್ಮಾನ ಮಾಡ್ಬೇಕು ಅಂತ ಕಾಯ್ದೆಯಲ್ಲೇ ಇದೆ. ನೋಟ್‌ಬುಕ್, ಪಾಸ್‌ಬುಕ್, ಸೀಡಿಂಗ್ ಸ್ಕ್ರೀನ್‌ಶಾಟ್ ಮೂರೂ ತಗೊಂಡೇ ಹೋಗಿ, ಬರಿಗೈಲಿ ಹೋದ್ರೆ ನಾಳೆ ಬನ್ನಿ ಅಂತಾರೆ.

ಬೇಜಾರಾಗಿ ಹೇಳದೆ ಬಿಟ್ಟುಹೋಗೋದು ಮಾತ್ರ ಮಾಡ್ಬೇಡಿ. ಕಂಪನಿ ಕಾಂಟ್ರಾಕ್ಟ್ ಪ್ರಕಾರ ನಡ್ಕೊಳ್ದೆ ಅದರಿಂದಾಗಿ ಕಾಂಟ್ರಾಕ್ಟ್ ರದ್ದಾದ್ರೆ ನಿಮಗೆ ಮೂರು ತಿಂಗಳ ಸ್ಟೈಪೆಂಡಿನಷ್ಟು ಪರಿಹಾರ ಕೇಳೋ ಹಕ್ಕು ನಿಯಮದಲ್ಲಿದೆ. ನೀವೇ ಬಿಟ್ಟು ಓಡಿಹೋದ್ರೆ ಆ ಹಕ್ಕೂ ಹೋಯ್ತು, ಹಳೇ ಕಾಂಟ್ರಾಕ್ಟ್ ಪೋರ್ಟಲಲ್ಲಿ ಹಾಗೇ ತೆರೆದಿದ್ರೆ ಮುಂದಿನ ಕಂಪನಿ ಹೊಸದು ಮಾಡೋಕೂ ಆಗಲ್ಲ.

## ಬೇರೆ ದುಡ್ಡು: ಯಾವುದು ಸಿಗ್ತದೆ, ಯಾವುದು ಸಿಗಲ್ಲ

ಯುವನಿಧಿ. 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲೇ ಶುರುವಾಗಿದ್ದು, ಡಿಗ್ರಿ ಆದವ್ರಿಗೆ ತಿಂಗಳಿಗೆ 3000, ಡಿಪ್ಲೊಮಾಗೆ 1500. ಆದ್ರೆ ಅದು ಕೆಲಸ ಇಲ್ಲದವ್ರಿಗೆ, ಅಪ್ರೆಂಟಿಸ್ ವೇತನ ತಗೊಳ್ಳೋರು ಅದಕ್ಕೆ ಅರ್ಹರಲ್ಲ. ಡಿಪ್ಲೊಮಾ ಹುಡುಗ್ರು ಸೇರಿದ ತಿಂಗಳಿಂದ್ಲೇ ಸ್ವಯಂ ಘೋಷಣೆ ಕೊಡೋದು ನಿಲ್ಲಿಸಿ, ಎರಡೂ ಕಡೆ ತಗೊಂಡು ಆಮೇಲೆ ವಾಪಸ್ ಕಟ್ಟೋ ಪರಿಸ್ಥಿತಿ ತಂದ್ಕೋಬೇಡಿ.

ರೈತ ವಿದ್ಯಾನಿಧಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಇವೆಲ್ಲ ಐಟಿಐ ಓದ್ತಿರೋವಾಗ ಸಿಗೋದು, ಅಪ್ರೆಂಟಿಸ್ ಆದ್ಮೇಲೆ ಅಲ್ಲ. ಇನ್ನೂ ಓದ್ತಿರೋ ತಮ್ಮ ತಂಗಿ ಇದ್ರೆ ಅವ್ರಿಗೆ ಹೇಳಿ.

ಹುಡುಗೀರಿಗೆ ಶಕ್ತಿ ಯೋಜನೆ ದೊಡ್ಡ ಸಹಾಯ, ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ ಫ್ರೀ, ದಿನಾ ಭದ್ರಾವತಿಯಿಂದ ಬರೋ ಹುಡುಗಿಗೆ ತಿಂಗಳಿಗೆ ಉಳಿಯೋ ದುಡ್ಡು ಸಣ್ಣದಲ್ಲ. ಆದ್ರೆ ಮಲೆನಾಡಲ್ಲಿ ಎಷ್ಟೋ ರೂಟಲ್ಲಿ ಓಡೋದು ಪ್ರೈವೇಟ್ ಬಸ್, ಅಲ್ಲಿ ಟಿಕೆಟ್ ತಗೊಳ್ಳೇಬೇಕು. ಕಂಪನಿ ಶಿಫ್ಟ್ ಟೈಮ್ ಒಪ್ಪೋ ಮುಂಚೆ ನಿಮ್ಮೂರಿಗೆ ಆ ಹೊತ್ತಿಗೆ ಸರ್ಕಾರಿ ಬಸ್ ಇದೆಯಾ ಅಂತ ನೋಡಿ, ಇಲ್ಲ ಅಂದ್ರೆ 1500ರಲ್ಲಿ ಹೆಚ್ಚಿನದು ಬಸ್ಸಿಗೇ ಹೋಗ್ತದೆ.

## ಕೊನೇ ತಿಂಗಳು

ಅವಧಿ ಮುಗೀತಿದ್ದಂಗೆ ಪರೀಕ್ಷೆ ಫಾರಂ ಬಗ್ಗೆ ಎಚ್‌ಆರ್ ಹತ್ರ ನೀವೇ ಕೇಳಿ, ಪಾಸಾದ್ರೆನೇ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗೋದು, ರೈಲ್ವೆ ಮತ್ತು ಸರ್ಕಾರಿ ಕಾರ್ಖಾನೆ ಅರ್ಜಿಗಳಲ್ಲಿ ಅದನ್ನ ಕೇಳ್ತಾರೆ. ಕೊನೇ ದಿನ ಕಂಪನಿ ಬಿಡೋ ಮುಂಚೆ ಆ ತಿಂಗಳ ಹಾಜರಿ ಪೋರ್ಟಲಿಗೆ ಹಾಕ್ತೀವಿ ಅಂತ ಯಾರು ಒಪ್ಕೊಂಡ್ರೋ ಅವ್ರ ಹೆಸರು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಕೊನೇ ಒಂದೆರಡು ತಿಂಗಳ ಸರ್ಕಾರದ ಪಾಲು ನೀವು ಹೊರಗೆ ಬಂದಮೇಲೆ ಬರ್ತದೆ, ಅದಕ್ಕೇ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಹೊಸ ಸ್ಯಾಲರಿ ಅಕೌಂಟ್ ಮಾಡ್ಸೋವಾಗ ಅಲ್ಲಿ ಕೊಡೋ ಫಾರಮಲ್ಲಿ ಡಿಬಿಟಿ ಸೀಡಿಂಗಿಗೆ ಟಿಕ್ ಹಾಕಬೇಡಿ, ಬಾಕಿ ಪೂರ್ತಿ ಬರೋವರೆಗೂ ಹಳೇ ಅಕೌಂಟ್ ಹಾಗೇ ಇರ್ಲಿ.